ಬಣ್ಣ ತೆಗೆದ ಮುಖ

ಬಣ್ಣ ತೆಗೆಯುವುದು ನನ್ನ ಕಸುಬಿನಲ್ಲಿ ತೀರ ಸಣ್ಣ ಕೆಲಸ. ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಮುಗಿಯಿತು. ಕೆಂಪು ಸೀರೆ ಬೂದಿಯಾಗುತ್ತದೆ, ಹಣೆಯ ಕುಂಕುಮ ಕಪ್ಪಾಗುತ್ತದೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿಯ ಬ್ಯಾನರು ಎಲ್ಲವನ್ನೂ ಮಾಡುತ್ತೇನೆ. ಮೊದಲಿನವಕ್ಕೆ ಎಷ್ಟು ಬಣ್ಣ ಸುರಿದರೂ ಗಿರಾಕಿಗೆ ಸಾಲದು. ಕೊನೆಯದಕ್ಕೆ ಮಾತ್ರ ತೆಗೆಯಬೇಕು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಿಲ್ಲ. ಸರ್ಕಲ್ಲಿನಲ್ಲಿ ಒಂಟಿ ಮುಖವೊಂದು ಕಪ್ಪು ಬಿಳುಪಿನಲ್ಲಿ ನಿಂತು, ಕೆಳಗೊಂದು ಹೆಸರಿದ್ದರೆ, ಬಸ್ಸಿನಲ್ಲಿ ಹೋಗುವವರು ಓದುವ ಗೋಜಿಗೆ ಹೋಗುವುದಿಲ್ಲ. ಯಾರೋ ಹೋದರು ಎಂದುಕೊಂಡು ಮುಂದೆ ಹೋಗುತ್ತಾರೆ.

ಅಪ್ಪ ತೀರಿಕೊಂಡಾಗ ಅವನ ಬ್ಯಾನರನ್ನೂ ನಾನೇ ಮಾಡಿದೆ. ಕೊಟ್ಟೂರಿನಲ್ಲಿ ಸಂಬಂಧಿಕರ ಮದುವೆಯೊಂದರಲ್ಲಿ ತೆಗೆಸಿದ ಫೋಟೊ ಅದು, ತಲೆಗೆ ಗುಲಾಬಿ ಬಣ್ಣದ ರುಮಾಲು ಸುತ್ತಿದ್ದ. ಅವ್ವ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. "ರುಮಾಲಿನ ಬಣ್ಣಾರ ಬಿಡಪ್ಪ," ಎಂದಳು. ನಾನು ಬಿಡಲಿಲ್ಲ. ಪದ್ಧತಿ ಹಾಗಿಲ್ಲ ಎಂದೆ. ಗುಂಡಿ ಒತ್ತಿದ ಮೇಲೆ ಅವ್ವ ಪರದೆಯನ್ನು ನೋಡಲಿಲ್ಲ, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು.

ಇದನ್ನು ಮೊದಲೇ ಹೇಳಿಬಿಡುತ್ತಿರುವುದಕ್ಕೆ ಕಾರಣ, ನಾನು ಮಾಡಿದ ತಪ್ಪಿಗೆ ಇದೇ ಕಾರಣವೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡು ತಿರುಗಿದ್ದೇನೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ಬರೆಯಲು ಕುಳಿತರೆ ಈಗಲೂ ಎದ್ದು ಹೋಗಬೇಕೆನಿಸುತ್ತದೆ.

ನನ್ನ ತಂಗಿ ಹಾಡುತ್ತಾಳೆ. ನಾನು ಹತ್ತನೆಯ ಇಯತ್ತೆಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ನಪಾಸಾಗಿ, ಮತ್ತೆ ಪರೀಕ್ಷೆಗೆ ಕಟ್ಟದೆ, ಒಬ್ಬರ ಅಂಗಡಿಯಲ್ಲಿ ಕಾರ್ಡಿನ ಕೆಲಸ ಕಲಿತವನು. ಅವಳು ಕೊಟ್ಟೂರಿನಲ್ಲಿ ಡಿಗ್ರಿ ಮುಗಿಸಿ ಈಗ ಕೂಡ್ಲಿಗಿಯ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಅವಳ ಹಾಡು ಭಜನೆಯಲ್ಲ, ಜಾನಪದವೂ ಅಲ್ಲ. ಪಾಪ್ ಅನ್ನುತ್ತಾಳೆ. ಗಿಟಾರು ಬಾರಿಸುವ ಗೆಳತಿಯೊಬ್ಬಳು, ಲ್ಯಾಪ್‌ಟಾಪಿನಲ್ಲಿ ಬೀಟು ಕೂರಿಸುವ ಗೆಳೆಯನೊಬ್ಬ, ಇವಳ ದನಿ, ಅಷ್ಟೇ. ಮಾತು ಮಾತ್ರ ನಮ್ಮ ಮನೆಯ ಮಾತು. ಕಾನಹೊಸಹಳ್ಳಿಯಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡ ಹುಡುಗಿಯ ಮೇಲೆ ಒಂದು ಹಾಡು ಕಟ್ಟಿದ್ದಾಳೆ. ನೋಡಲು ಬಂದ ಬೀಗರಿಗೆ ಅವಲಕ್ಕಿ ಕೊಡುತ್ತ ಮನಸ್ಸಿನಲ್ಲೇ ಬೈದುಕೊಳ್ಳುವವಳ ಮೇಲೆ ಇನ್ನೊಂದು. ಫೋನಿನಿಂದ ಫೋನಿಗೆ ಹೋಗಿ ಅವು ಟ್ರ್ಯಾಕ್ಟರುಗಳನ್ನು ಹತ್ತಿದವು. ನಮ್ಮ ಕಡೆ ಒಂದು ಹಾಡು ಗೆದ್ದಿತೋ ಇಲ್ಲವೋ ಎಂಬುದನ್ನು ಟ್ರ್ಯಾಕ್ಟರು ಹೇಳುತ್ತದೆ. ಮೆಕ್ಕೆಜೋಳ ಹೇರಿಕೊಂಡು ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರಿನಿಂದ ತಂಗಿಯ ದನಿ ಕೇಳಿದ ದಿನ ನಾನು ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದೆ.

ಆದರೆ ಆ ದನಿ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಹಾಡು ಹಂಚಿದವರು ಅದರ ಜೊತೆ ಮುಳುಗುವ ಸೂರ್ಯನನ್ನೋ ಯಾವುದೋ ನಟಿಯ ಚಿತ್ರವನ್ನೋ ಅಂಟಿಸಿರುತ್ತಿದ್ದರು. ಒಮ್ಮೆ ಆಟೊದಲ್ಲಿ ಹೋಗುವಾಗ ಅವಳದೇ ಹಾಡು ಬರುತ್ತಿತ್ತಂತೆ. ಇದು ನಂದು ಎಂದಳಂತೆ. ಆಟೊದವನು ಕನ್ನಡಿಯಲ್ಲಿ ಅವಳನ್ನು ನೋಡಿ, "ಇದು ಹುಬ್ಬಳ್ಳಿ ಹುಡುಗೀದು ಬಿಡ್ರಿ ಅಕ್ಕಾರ, ನನಗ ಗೊತ್ತೈತಿ," ಎಂದನಂತೆ. ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿ, "ಯಣ್ಣಾ, ನನ್ನ ಹಾಡು ಎಲ್ಲಾರ ಹತ್ರ ಐತಿ, ನಾನು ಯಾರ ಹತ್ರಾನೂ ಇಲ್ಲ ನೋಡು," ಎಂದಳು.

ಆ ಮಾತು ಆಡಿದ್ದು ನನ್ನ ಅಂಗಡಿಯಲ್ಲಿ, ತನ್ನ ಮೊದಲ ಆಲ್ಬಮ್ಮಿಗೆ ಕವರು ಮಾಡಿಸಲು ಬಂದ ಭಾನುವಾರ. ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಅದನ್ನೊಂದು ಚೆಂದದ ಕವರಿನಲ್ಲಿಟ್ಟು ಕೊಡಬೇಕೆಂದು ಅವಳ ಆಸೆ. ಸಿ.ಡಿ. ಹಾಕುವ ಯಂತ್ರ ಈಗ ಯಾರ ಮನೆಯಲ್ಲೂ ಇಲ್ಲ, ಪೆನ್‌ಡ್ರೈವಾದರೆ ಟ್ರ್ಯಾಕ್ಟರು, ಆಟೊ, ಟೆಂಪೊ ಎಲ್ಲದಕ್ಕೂ ಆಗುತ್ತದೆ. ಮದುವೆ ಕಾರ್ಡಿನಂತೆ ಮಡಚುವ ದಪ್ಪ ಕಾಗದ, ಒಳಗೆ ಪೆನ್‌ಡ್ರೈವು ಕೂರುವಷ್ಟು ಕಿಂಡಿ, ಎದುರಿಗೆ ಹಾಡುಗಳ ಸಾಲು. ಮಡಿಕೆ ಎಲ್ಲಿ ಬರಬೇಕು, ಕಿಂಡಿ ಎಷ್ಟು ಬಿಗಿಯಿರಬೇಕು ಎಂಬುದನ್ನು ನಾನು ರಟ್ಟು ಕತ್ತರಿಸಿ ಅಲ್ಲೇ ಮಾಡಿ ತೋರಿಸಿದೆ. ಅವಳು ಪೆನ್‌ಡ್ರೈವು ಸಿಕ್ಕಿಸಿ, ಕವರು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಬೀಳಲಿಲ್ಲ. "ಶಭಾಷ್ ಲೇ ಅಣ್ಣ," ಎಂದಳು. ಅಷ್ಟಕ್ಕೇ ನಾನು ಉಬ್ಬಿದ್ದೆ.

"ಮುಂದ ಏನು ಹಾಕಾಣ?" ಎಂದೆ.

"ನನ್ನ ಮುಖ. ಬರೇ ಮುಖ, ಕಪ್ಪು ಬಿಳುಪು. ಕೆಳಗ ಹೆಸರು, ಸಣ್ಣಾಗಿ. ಮತ್ತೇನೂ ಬ್ಯಾಡ."

"ಮತ್ತೇನೂ ಅಂದ್ರ?"

"ಹೂವು ಬ್ಯಾಡ, ಬಳ್ಳಿ ಬ್ಯಾಡ, ನಕ್ಷತ್ರ ಬ್ಯಾಡ. ಹಿಂದ ಬೆಳಕು ಹೊಂಡೋದು ಬ್ಯಾಡ."

"ಗಿಟಾರು?"

"ಯಣ್ಣಾ."

"ಸುಮ್ನ ಕೇಳಿದೆ."

"ನಿನ್ನ ಲಗ್ನದ ಕಾರ್ಡ್ ಮಾಡಿದಂಗ ಮಾಡಬ್ಯಾಡ. ನೋಡಿದಾರು ಊಟ ಎಷ್ಟೊತ್ತಿಗಿ ಅಂತ ಕೇಳ್ತಾರ."

ಅವ್ವ ಮೂಲೆಯಲ್ಲಿ ಕುಳಿತು ಕಾರ್ಡುಗಳಿಗೆ ದಾರದ ಗೊಂಡೆ ಕಟ್ಟುತ್ತಿದ್ದಳು. ಅವಳೂ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು. ಈ ಓಣಿಯಲ್ಲಿ ನನ್ನ ಕಾರ್ಡುಗಳನ್ನು ನೋಡಿ ಹೆಣ್ಣಿನ ಕಡೆಯವರು ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ತಂಗಿಗೆ ಅದು ನಗುವ ವಸ್ತು.

ಅವಳು ತಂದ ಫೋಟೊ ತೆರೆದೆ. ಕಿಟಕಿಯ ಪಕ್ಕ ನಿಲ್ಲಿಸಿ ಗೆಳತಿ ತೆಗೆದದ್ದು. ನಗುತ್ತಿರಲಿಲ್ಲ, ನೇರ ನೋಡುತ್ತಿದ್ದಳು. ಎಡಹುಬ್ಬಿನ ಮೇಲೆ ಗಾಯದ ಗೆರೆ ಸ್ಪಷ್ಟ ಕಾಣುತ್ತಿತ್ತು. ಅದು ನನ್ನ ಸೈಕಲ್ಲಿನಿಂದ ಆದದ್ದು. ಚಿಕ್ಕವಳಿದ್ದಾಗ ಹಿಂದೆ ಕೂರಿಸಿಕೊಂಡು, ಬಸ್ಸಿನ ಜೊತೆ ಪಂಥ ಕಟ್ಟಿ ತುಳಿದು, ಜಲ್ಲಿ ರಾಶಿಯ ಮೇಲೆ ಕೆಡವಿದ್ದೆ.

"ತಗಿ ಬಣ್ಣ," ಎಂದಳು.

ಅವ್ವ ದಾರ ಕೆಳಗಿಟ್ಟಳು. "ಯವ್ವಾ, ಬದುಕಿ ಬಾಳೋ ಹುಡುಗಿ, ನಿನಗ್ಯಾಕ ಬಣ್ಣ ತಗಸ್ತೀಯ?"

"ಬಣ್ಣ ಇದ್ರ ಎಲ್ಲಾರೂ ಸೀರಿ ನೋಡ್ತಾರವ್ವ, ಓಲಿ ನೋಡ್ತಾರ. ಮುಖ ನೋಡ್ಲಿ."

ನಾನು ಗುಂಡಿ ಒತ್ತಿದೆ. ಅವ್ವ ಎದ್ದು ಹೋದಳು. ತಂಗಿ ಪರದೆಯ ಹತ್ತಿರ ಬಗ್ಗಿ ತನ್ನನ್ನೇ ತಾನು ಸ್ವಲ್ಪ ಹೊತ್ತು ನೋಡಿದಳು. "ಇದು ನಾನು," ಎಂದಳು. ಗಾಯದ ಗೆರೆಯನ್ನು ಬೆರಳಿನಿಂದ ಮುಟ್ಟಿ, "ಇದೂ ಇರ್ಲಿ," ಎಂದಳು. ಹೆಸರು ಸಣ್ಣದಾಗಿ ಕೆಳಗೆ ಕೂತಿತು. ಅವಳು ಒಪ್ಪಿ, ಸಂಜೆಯ ಬಸ್ಸಿಗೆ ಕೂಡ್ಲಿಗಿಗೆ ಹೋದಳು.

ದಪ್ಪ ಕಾಗದದ ಅಚ್ಚು ನನ್ನ ಅಂಗಡಿಯಲ್ಲಿ ಆಗುವುದಿಲ್ಲ. ಅದಕ್ಕೆ ಹರಪನಹಳ್ಳಿಯ ಒಂದು ಪ್ರೆಸ್ಸಿಗೆ ಹೋಗುತ್ತೇನೆ. ಅದರ ಮಾಲೀಕರು ವಯಸ್ಸಾದವರು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ವರ್ಷಗಳಿಂದ ನನ್ನ ಕಾರ್ಡುಗಳೆಲ್ಲ ಅವರಲ್ಲೇ ಆಗುವುದು. ಮರುವಾರ ಫೈಲು ಹಿಡಿದು ಹೋದೆ. ಬಸ್ಸಿನಲ್ಲಿ ಕುಳಿತಲ್ಲಿ ಕೂರಲಾಗಲಿಲ್ಲ. ಫೋನು ತೆಗೆದು ಆ ಮುಖ ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಪಕ್ಕದಲ್ಲಿದ್ದವರು ನನ್ನ ಫೋನು ನೋಡಿ ಸುಮ್ಮನೆ ಬೇರೆ ಕಡೆ ತಿರುಗಿದರು. ಏನನ್ನೂ ಕೇಳಲಿಲ್ಲ. ಅವರು ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಪ್ರೆಸ್ಸಿನವರು ಫೈಲು ತೆರೆದರು. ಕನ್ನಡಕ ಮೇಲೇರಿಸಿ ನೋಡಿ, ನಾಲಿಗೆ ಲೊಚಗುಟ್ಟಿದರು.

"ವಯಸ್ಸು ಸಣ್ಣದಲ್ರಿ, ಪಾಪ. ಏನಾಗಿತ್ತು?"

"ನನ್ನ ತಂಗಿರಿ," ಎಂದೆ. "ಅರಾಮದಾಳ. ಹಾಡಿನ ಕವರ್ ಇದು."

ಅವರು ಕೈಯನ್ನು ಬಾಯಿಯ ಮೇಲಿಟ್ಟುಕೊಂಡರು. "ಬಿಡ್ತು ಅನ್ರಿ. ತಪ್ಪು ತಿಳ್ಕಬ್ಯಾಡ್ರಿ. ನೋಡಿದ ಕೂಡ್ಲೇ ಹಂಗೇ ಅನ್ನಿಸ್ತು."

ನಾನು ಅವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಕುಳಿತೆ. ಮೊದಲು ಬಣ್ಣ ಮರಳಿ ತಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಹೆದರಿಕೆಗೆ ಮಾಡಿದೆ ಎನ್ನಬಹುದಿತ್ತು. ನಿಲ್ಲಿಸಲಿಲ್ಲ. ಕೈ ತಾನೇ ಓಡುತ್ತಿತ್ತು. ಮದುವೆ ಹೆಣ್ಣಿಗೆ ಮಾಡುವಂತೆ ಮುಖವನ್ನು ತಿಳಿ ಮಾಡಿದೆ. ಕೆನ್ನೆಗೆ ಸ್ವಲ್ಪ ಕೆಂಪು. ತುಟಿಯ ತುದಿಯನ್ನು ಒಂದಿಷ್ಟು ಮೇಲಕ್ಕೆ ಎಳೆದೆ, ನಗು ಬಂತು. ಹುಬ್ಬಿನ ಮೇಲಿನ ಗಾಯವನ್ನು ಪಕ್ಕದ ಚರ್ಮ ಎತ್ತಿ ಮುಚ್ಚಿದೆ. ಸೈಕಲ್ಲು, ಜಲ್ಲಿ, ಅವಳ ಅಳು ಯಾವುದೂ ಆಗ ನೆನಪಾಗಲಿಲ್ಲ. ಗಾಯ ಕಂಡರೆ ಅಳಿಸುವುದು ರೂಢಿ, ಅಳಿಸಿದೆ. ಹಿಂದೆ ಬೆಳಕು ಹೊರಡಿಸಿದೆ. ಕೆಳಗೆ ಮಲ್ಲಿಗೆ ಬಳ್ಳಿ. ಹೆಸರು ಬಂಗಾರದ ಬಣ್ಣದಲ್ಲಿ, ದೊಡ್ಡದಾಗಿ, ಅದರ ಮೇಲೆ 'ನಾಡಿನ ಹೆಮ್ಮೆಯ ಯುವ ಗಾಯಕಿ'. ಮೂಲೆಯಲ್ಲಿ ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ನಮ್ಮ ಕಸುಬಿನವರ ಕೈ ಕಡಿಯುತ್ತದೆ. ಗಿಟಾರು ಇಟ್ಟೆ.

ಇದೇ ಆ ಉಳಿದ ಅರ್ಧ. ಅವಳು ನೋಡಿ ಬಾಯಿ ಮುಚ್ಚಿಕೊಳ್ಳಬೇಕು, ಅಣ್ಣನಿಗೂ ಏನೋ ಬರುತ್ತದೆ ಅನ್ನಬೇಕು ಎಂಬುದು ನನ್ನ ಒಳಗಿತ್ತು. ಅಪ್ಪನ ರುಮಾಲಿಗೂ ಆ ಗಿಟಾರಿಗೂ ಯಾವ ಸಂಬಂಧವೂ ಇಲ್ಲ.

ಪ್ರೆಸ್ಸಿನವರು ಹಿಂದೆ ನಿಂತು ಎಲ್ಲ ನೋಡುತ್ತಿದ್ದರು. "ಚೆಂದ ಆಗೈತೆ," ಎಂದರು. "ಆದ್ರೂ ತಂಗಿಗೆ ಫೋನ್ ಹಚ್ಚಿ ಒಂದ್ಮಾತು ಕೇಳ್ರಿ. ಅವರ ಕವರ್ರು."

"ಕ್ಲಾಸಿನ್ಯಾಗ ಇರ್ತಾಳ್ರಿ. ನಾ ಹೇಳ್ತೀನಿ, ನೀವು ಹಾಕ್ರಿ."

ಆ ದಿನ ಶಾಲೆಗೆ ರಜೆ ಇತ್ತು. ನನಗೆ ಗೊತ್ತಿತ್ತು.

ಕವರುಗಳ ಕಟ್ಟು ಬಂದ ಮೇಲೂ ಅವಳಿಗೆ ತೋರಿಸಲಿಲ್ಲ. ಹೇಗಾಗಿದೆ ಎಂದು ಫೋನಿನಲ್ಲಿ ಕೇಳಿದಾಗ, "ಬಂದಾಗ ನೋಡ್ತಿಯಲ್ಲ," ಎಂದೆ. ಕಾಗದದ ಕಟ್ಟನ್ನು ಬಿಚ್ಚದೆ ಹಾಗೇ ಕೂಡ್ಲಿಗಿಗೆ ಹೊತ್ತೆ. ಅಲ್ಲಿ ಟ್ಯೂಶನ್ ನಡೆಸುವವರೊಬ್ಬರ ಹಾಲಿನಲ್ಲಿ ಬಿಡುಗಡೆ. ಅವಳ ಶಾಲೆಯ ಟೀಚರುಗಳು, ಗಿಟಾರಿನ ಗೆಳತಿ, ಬೀಟಿನ ಗೆಳೆಯ, ಫೋನಿನಲ್ಲಿ ಹಾಡು ಕೇಳಿ ಬಂದ ಕೆಲವರು. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಅವಳು ಒಳಕೋಣೆಯಲ್ಲಿ ತಲೆಯ ಪಿನ್ನು ತೆಗೆದು ಕಟ್ಟಿನ ಕಾಗದ ಹರಿದಳು.

ಒಂದು ಕವರು ಕೈಗೆತ್ತಿಕೊಂಡಳು. ಅದನ್ನಿಟ್ಟು ಇನ್ನೊಂದು ತೆಗೆದಳು, ಅದು ಬೇರೆ ಇದ್ದೀತು ಎನ್ನುವಂತೆ. ಆಮೇಲೆ ನನ್ನ ಕಡೆ ನೋಡಿದಳು.

"ಇದ್ಯಾರಣ್ಣಾ?"

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ಬಂದ ಮಾತು ಮಾತ್ರ ಬೇರೆ.

"ಪ್ರೆಸ್ಸಿನ್ಯಾಗ ಏನೋ ಮಾಡ್ಯಾರ. ಅವರಿಗೆ ಹೇಳಿದ್ದೆ ನಾನು."

"ನೋಡಲಿಲ್ಲೇನು ನೀನು?"

"ಕಟ್ಟಿದ ಕಟ್ಟು. ಬಿಚ್ಚಿಲ್ಲ."

ಅವಳು ನಂಬಿದಳು. ಅನುಮಾನದ ಗೆರೆಯೂ ಮುಖದಲ್ಲಿ ಬರಲಿಲ್ಲ. ನನ್ನ ಕೈಯಿಂದಲೇ ಫೋನು ಕಿತ್ತುಕೊಂಡು ಪ್ರೆಸ್ಸಿನವರಿಗೆ ಹಚ್ಚಿ, ಸ್ಪೀಕರಿಗೆ ಹಾಕಿದಳು.

"ಏನ್ರಿ, ನಿಮಗ ಕೊಟ್ಟಿದ್ದೇನು, ನೀವು ಮಾಡಿದ್ದೇನು? ಕಣ್ಣು ಕಾಣ್ತಾವಿಲ್ಲ? ಒಬ್ಬರ ಮುಖ ಒಯ್ದು ಬ್ಯಾರೇದು ಅಂಟಿಸಿ ಕೊಡಾಕ ನಿಮಗ ಯಾರು ಹೇಳಿದ್ರು? ವಯಸ್ಸಾಗೈತಿ ಅಂದ್ರ ಅಂಗಡಿ ಮುಚ್ಚಿ ಮನ್ಯಾಗ ಕುಂದರ್ರಿ."

ಆ ಕಡೆ ಯಂತ್ರದ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಅಣ್ಣಾರು ಅಲ್ಲೇ ಅದಾರೇನಮ್ಮ?"

"ಇಲ್ಲೇ ಅದಾನ. ಕೇಳ್ತಿದಾನ."

ನಾನು ಗೋಡೆಯ ಮೇಲಿದ್ದ ಭೂಪಟವನ್ನು ನೋಡುತ್ತಿದ್ದೆ.

"ಹ್ಞೂಂ," ಎಂದರು ಪ್ರೆಸ್ಸಿನವರು. "ನಮ್ ಕಡಿಂದಾನೇ ತಪ್ಪಾಗೈತಮ್ಮ. ಮನಸಿಗೆ ಹಚ್ಕಬ್ಯಾಡ್ರಿ."

ಬೇರೆ ಕವರು ಇರಲಿಲ್ಲ. ಬಂದವರಿಗೆ ಅವನ್ನೇ ಕೊಡಬೇಕಾಯಿತು. ಅವಳು ಹಾಡಿದಳು, ಚೆನ್ನಾಗಿಯೇ ಹಾಡಿದಳು. ಆಮೇಲೆ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕವರು ಮಾರಲು ತಾನೇ ಕುಳಿತಳು. ಬಂದವರು ಚದುರುವ ಹೊತ್ತಿಗೆ ಟ್ರ್ಯಾಕ್ಟರಿನವನೊಬ್ಬ ಓಡೋಡಿ ಬಂದ. ಹಾಡು ತಪ್ಪಿಹೋಗಿತ್ತು ಅವನಿಗೆ. ಕವರು ಕೈಗೆ ತೆಗೆದುಕೊಂಡು ಚಿತ್ರ ನೋಡಿದ, ಒಳ್ಳೆಯ ಮನುಷ್ಯ, ಮುಖ ಅರಳಿಸಿದ. ಆಮೇಲೆ ಎದುರಿಗೆ ಕುಳಿತ ನನ್ನ ತಂಗಿಯನ್ನು ಕೇಳಿದ.

"ಹಾಡಿದಾಕಿ ಹೋಗ್ಯಾಳೇನ್ರಿ? ಒಂದು ಫೋಟೊ ತಕ್ಕೋಬೇಕಿತ್ತು."

ಅವಳು ಕವರನ್ನೂ ಅವನನ್ನೂ ನೋಡಿದಳು. "ಹೋದಳಣ್ಣ," ಎಂದಳು. "ಈಗಷ್ಟೇ ಹೋದಳು."

ಅಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಗಿರಾಕಿ ಎದುರಿಗೆ ಕೂತಿರುವಾಗಲೇ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ಕೆಲಸವಿಲ್ಲದಿದ್ದರೂ ಬೈಕು ಹತ್ತಿ ಕೊಟ್ಟೂರಿಗೆ ಹೋಗಿ, ರೈಲ್ವೆ ನಿಲ್ದಾಣದ ಹೊರಗೆ ಚಹಾ ಕುಡಿದು, ಯಾಕೆ ಬಂದೆ ಎಂದು ತಿಳಿಯದೆ ತಿರುಗಿ ಬರುತ್ತಿದ್ದೆ. ದಾರಿಯಲ್ಲಿ ಟ್ರ್ಯಾಕ್ಟರಿನಿಂದ ಅವಳ ದನಿ ಬಂದರೆ ಬೈಕು ಜೋರು ಮಾಡಿ ದಾಟುತ್ತಿದ್ದೆ. ಅವ್ವ, "ಕಾಲಾಗ ಮುಳ್ಳು ಮುರಕೊಂಡೀಯೇನಲೇ?" ಎಂದು ಕೇಳಿದಳು.

ಅದಕ್ಕಿಂತ ಕಷ್ಟವಾದದ್ದು ತಂಗಿಯ ಫೋನು. ಕವರು ಮತ್ತೆ ಮಾಡಿಸೋಣ ಎಂದಳು. "ಈ ಸಲ ನೀನ ಎದುರಿಗಿ ನಿಂದ್ರಣ್ಣ. ಆ ಮನಶಾನ್ನ ನಂಬಬ್ಯಾಡ. ನಿನ್ನ ಕಣ್ಣಿಂದ ನೋಡಿ ಹಾಕಿಸು."

ನಾನು ಹರಪನಹಳ್ಳಿಗೆ ಹೋದೆ. ಪ್ರೆಸ್ಸಿನವರು ಕಾಗದ ಎಣಿಸುತ್ತಿದ್ದವರು ತಲೆ ಎತ್ತಿ, ಕೂತ್ಕಳ್ರಿ ಎಂದು ಸ್ಟೂಲು ತೋರಿಸಿದರು. ನಾನು ನಿಂತೇ ಇದ್ದೆ. ತಪ್ಪಾಯಿತು ಎನ್ನಲು ಬಂದಿದ್ದೆ, ಅದರ ಬದಲು ಮಳೆ, ಕಾಗದ, ಬಸ್ಸು ಅಂತ ಏನೇನೋ ಮಾತಾಡಿದೆ. ಅವರೇ ತಡೆದರು.

"ನಿಮ್ ತಂಗಿ ಬಯ್ಯಾದೂ ರಾಗದಾಗೇ ಬೈತಾರೆ ನೋಡ್ರಿ. ನಮ್ ಹುಡುಗ್ರು ಎಲ್ಲ ಯಂತ್ರ ನಿಲ್ಸಿ ಕೇಳಿದ್ರು."

"ನೀವ್ಯಾಕ ಒಪ್ಪಿಕೊಂಡ್ರಿ?" ಎಂದೆ.

"ಮತ್ತೇನ್ ಮಾಡ್ಲಿ? ಹಾಡೋ ಹೊತ್ತಿನಾಗ ಅಣ್ಣ ತಂಗಿ ಜಗಳ ಹಚ್ಲಾ?" ಕಾಗದ ಎಣಿಸುವುದು ತಪ್ಪಿತ್ತು, ಮೊದಲಿನಿಂದ ಎಣಿಸತೊಡಗಿದರು. "ಹೇಳೀರೇನು ಅವರಿಗೆ?"

"ಇಲ್ರಿ."

ಆ ದಿನ ಅವರ ಎದುರಿಗೇ ಬಣ್ಣ ತೆಗೆದೆ. ಗಾಯದ ಗೆರೆ ತನ್ನ ಜಾಗಕ್ಕೆ ಬಂತು. ಹೆಸರು ಸಣ್ಣದಾಗಿ. ಮೂಲೆ ಖಾಲಿ. ಅಚ್ಚಿನಿಂದ ಮೊದಲ ಹಾಳೆ ಹೊರಬಂದಾಗ ನಾನೇ ಒದ್ದೆ ಮಸಿಯ ಮೇಲೆ ಬೆರಳಿಟ್ಟು ಹಾಳು ಮಾಡಿದೆ, ಅವರು ಬೈದರು. ಆ ಹಾಳಾದ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಕವರಿನ ಜೊತೆಗೆ ನಾನು ಇನ್ನೊಂದು ಕೆಲಸ ಮಾಡಿದೆ, ಅವಳು ಕೇಳಿರಲಿಲ್ಲ. ಅದೇ ಮುಖದ ದೊಡ್ಡ ಬ್ಯಾನರು ಹೊಡೆದು ಹಗರಿಬೊಮ್ಮನಹಳ್ಳಿಯ ಸರ್ಕಲ್ಲಿನಲ್ಲಿ ಕಟ್ಟಿದೆ. ಕೆಳಗೆ ಹೆಸರು, ಅದರ ಕೆಳಗೆ 'ಹೊಸ ಹಾಡುಗಳು ಬಂದಿವೆ'. ತಪ್ಪು ಹೇಳಿಕೊಳ್ಳುವ ಬದಲು ಬ್ಯಾನರು ಕಟ್ಟಿದರೆ ಸಾಲ ತೀರೀತು ಎಂಬ ಲೆಕ್ಕ. ನಮ್ಮ ಕಸುಬಿನವರಿಗೆ ಎಲ್ಲದಕ್ಕೂ ಬ್ಯಾನರೇ ಔಷಧ.

ಮರುದಿನ ಭಾನುವಾರ. ತಂಗಿ ಹೊಸ ಕವರು ಒಯ್ಯಲು ಬೆಳಿಗ್ಗೆಯೇ ಬಂದಿದ್ದಳು. ಒಂದೊಂದಾಗಿ ತೆಗೆದು ನೋಡಿ, ಅಂಗೈಯಿಂದ ಸವರಿ, ಪಕ್ಕಕ್ಕಿಡುತ್ತಿದ್ದಳು. ಅವ್ವ ಇನ್ನೂ ಅವನ್ನು ನೇರ ನೋಡುತ್ತಿರಲಿಲ್ಲ. ಆಗ ಓಣಿಯ ಬಾಯಲ್ಲಿ ಅಳು ಕೇಳಿತು. ಹಡಗಲಿಯ ಸೋದರತ್ತೆ, ಅಪ್ಪನ ಅಕ್ಕ, ತೋಳಿನಲ್ಲಿ ಒಂದು ದೊಡ್ಡ ಮಲ್ಲಿಗೆ ಹಾರ ಹೊತ್ತು, ತಲೆಯ ಸೆರಗು ಜಾರಿದ್ದರ ಪರಿವೆಯಿಲ್ಲದೆ, "ಎಂಥ ದನಿ ಇತ್ತಲ್ಲೋ ನನ್ನವ್ವಂದು," ಎಂದು ಎದೆ ಬಡಿದುಕೊಳ್ಳುತ್ತ ಬಂದಳು.

ಅಂಗಡಿಯ ಬಾಗಿಲಲ್ಲಿ ಅವಳಿಗೆ ಎದುರಾದದ್ದು ತಂಗಿಯೇ.

ಅತ್ತೆ ಅಲ್ಲೇ ನಿಂತಳು. ಅಳು ನಡುವೆಯೇ ನಿಂತಿತು. ತಂಗಿಯ ಗಲ್ಲ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದಳು.

"ಅದೀಯಲ್ಲೇ ನೀನು."

"ಅದೀನಿ ಬಾ ಅತ್ತಿ."

"ನಮ್ಮ ಓಣಿಯಾಂವ ನಿನ್ನೆ ಬಸ್ಸಿನ್ಯಾಗ ನೋಡಿದ್ನಂತ, ಸರ್ಕಲ್ಲಿನ್ಯಾಗ ಹಾಕ್ಯಾರ ಅಂದ. ರಾತ್ರಿ ಕೂಳು ಉಂಡಿಲ್ಲ ನಾನು."

"ಫೋನ್ ಮಾಡಿ ಕೇಳಬಾರದೇನತ್ತಿ?" ಎಂದೆ ನಾನು.

"ಇಂಥಾದ್ದನ್ನ ಫೋನಿನ್ಯಾಗ ಹೆಂಗ ಕೇಳ್ತಾರಲೇ ಮಬ್ಬ? ಸತ್ತೇನವ್ವಾ ಅಂತ ಕೇಳ್ಲೇನು?"

ತಂಗಿ ನಗತೊಡಗಿದಳು. ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹಾರದಿಂದ ಒಂದು ತುಣುಕು ಹರಿದು ತಲೆಗೆ ಮುಡಿದುಕೊಂಡಳು. ಅವ್ವ ಚೀರಿ ಅದನ್ನು ಕಿತ್ತಳು. "ಹೆಣಕ್ಕ ತಂದಿದ್ದು ಅದು, ತಗೀ." ತಂಗಿ ಇನ್ನೊಂದು ತುಣುಕು ಹರಿದು ಮುಡಿದಳು. "ನನಗಾಗಿನ ತಂದಾಳವ್ವ. ಯಾಕ ಕೆಡಸೋದು?"

ಅತ್ತೆ ನೀರು ಕುಡಿದು, ಕಾಲು ಚಾಚಿ ಕುಳಿತು, ಹೊಸ ಕವರನ್ನು ದೂರ ಹಿಡಿದು ನೋಡಿ ಮುಖ ಕಿವುಚಿದಳು. "ನಿಮ್ಮವ್ವ ಕಳಿಸಿದ್ದ ಮದ್ಲಿನ ಕವರ್ರ ಚಂದ ಇತ್ತು. ಲಗ್ನದ ಹೆಣ್ಣು ಕಂಡಂಗ ಕಂಡಿದ್ದಿ. ಆ ಪ್ರೆಸ್ಸಿನಾಂವ ತಿಳಿದಾಂವ ಇದ್ದಾನ ಬಿಡು."

"ತಿಳಿದಾಂವ ಇರಬೇಕು," ಎಂದಳು ತಂಗಿ, ಇನ್ನೂ ನಗುತ್ತಲೇ. "ಪಾಪ, ಆ ಹಿರಿ ಮನಶಾನ್ನ ನಾನು ಬಾಯಿಗಿ ಬಂದಂಗ ಬೈದೆ. ಅಂಗಡಿ ಮುಚ್ಚು ಅಂದೆ."

"ಅವರಲ್ಲ," ಎಂದೆ. "ನಾನು."

ಅವಳಿಗೆ ಅರ್ಥವಾಗಲಿಲ್ಲ. "ಏನು ನೀನು?"

"ಮದ್ಲಿನ ಕವರ್ರು. ಬಣ್ಣ ಹಾಕಿದ್ದು, ಗಾಯ ಅಳಿಸಿದ್ದು, ಎಲ್ಲಾ ನಾನ. ಅವರ ಕುರ್ಚ್ಯಾಗ ಕುಂತು ಮಾಡಿದೆ. ತಂಗೀನ ಒಂದ್ಮಾತು ಕೇಳ್ರಿ ಅಂತ ಅವರು ಅಂದ್ರು. ನಾನ ಕೇಳಲಿಲ್ಲ."

ಅತ್ತೆ ಕವರನ್ನು ಮೆಲ್ಲಗೆ ಕೆಳಗಿಟ್ಟಳು. ತಂಗಿಯ ಮುಖದಲ್ಲಿ ನಗುವಿನ ಗುರುತು ಇನ್ನೂ ಸ್ವಲ್ಪ ಉಳಿದಿತ್ತು, ಅದು ಹೋಗುವುದನ್ನು ನಾನು ನೋಡಿದೆ. ಅವ್ವನಿಗೆ ಅಂಜಿ ಮಾಡಿದೆ, ಅಪಶಕುನಕ್ಕೆ ಅಂಜಿ ಮಾಡಿದೆ ಎನ್ನಲು ಮಾತು ಸಿದ್ಧವಿತ್ತು. ಅತ್ತೆಯ ಹಾರವೇ ಸಾಕ್ಷಿಯಾಗಿ ಮುಂದೆ ಬಿದ್ದಿತ್ತು. ಅದನ್ನು ಹೇಳಲಿಲ್ಲ. "ನೀನು ಲಗ್ನದ ಕಾರ್ಡು ಅಂದಿದ್ದಕ್ಕ ಸಿಟ್ಟು ಬಂದಿತ್ತು," ಎಂದೆ.

"ನಾನು ಅವರನ್ನ ಬೈಯೋ ಮುಂದ ನೀನು ಅಲ್ಲೇ ನಿಂತಿದ್ದಿ."

"ಹ್ಞೂಂ."

"ಸ್ಪೀಕರಿಗಿ ಹಾಕಿದ್ದೆ."

"ಹ್ಞೂಂ."

ಅವಳು ಕೈ ಚಾಚಿದಳು. ಏನು ಬೇಕೆಂದು ತಿಳಿಯಲಿಲ್ಲ. "ಅವರ ನಂಬರ್ ಕೊಡು," ಎಂದಳು. ಕೊಟ್ಟೆ. ತನ್ನ ಫೋನಿನಲ್ಲಿ ಹಚ್ಚಿಕೊಂಡು ಓಣಿಗೆ ಇಳಿದಳು. ಈ ಸಲ ಸ್ಪೀಕರಿಗೆ ಹಾಕಲಿಲ್ಲ. ಗಾಜಿನ ಬಾಗಿಲಿನ ಆಚೆ ಅವಳು ನಿಂತು, ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರುತ್ತ, ತಲೆ ಬಗ್ಗಿಸಿ ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಮ್ಮೆ ನಕ್ಕಳು. ಒಮ್ಮೆ ಕಣ್ಣೊರೆಸಿಕೊಂಡಳು. ಒಳಗೆ ಬಂದು ಕವರುಗಳನ್ನು ಚೀಲಕ್ಕೆ ತುಂಬಿದಳು. ಅತ್ತೆಯ ಕಾಲಿಗೆ ನಮಸ್ಕರಿಸಿದಳು. "ಬರ್ತೀನವ್ವ," ಎಂದಳು. ನನ್ನ ಕಡೆ ತಿರುಗದೆ ಓಣಿಗೆ ಇಳಿದಳು. ಬಸ್ಸಿಗೆ ಚೀಲ ಹೊತ್ತು ಕೊಡಲು ಹಿಂದೆ ಹೋದೆ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದಳು.

ಈಗ ಅವಳು ಅವ್ವನ ಫೋನಿಗೆ ಮಾಡುತ್ತಾಳೆ. ಮುಂದಿನ ಕವರಿನ ಕೆಲಸವನ್ನು ಹರಪನಹಳ್ಳಿಯವರ ಹತ್ತಿರವೇ ನೇರ ಮಾತಾಡಿಕೊಂಡಿದ್ದಾಳಂತೆ. ಅವರೇ ಹೇಳಿದರು, ಹೇಳಿ ನನ್ನ ಮುಖ ನೋಡಿದರು. ಸರ್ಕಲ್ಲಿನ ಬ್ಯಾನರನ್ನು ತೆಗೆಸಬೇಕೆಂದು ಅವ್ವ ದಿನವೂ ಗೊಣಗುತ್ತಾಳೆ. ನಾನು ತೆಗೆದಿಲ್ಲ. ಒಂದಿಷ್ಟು ದಿನ ಜನ ಬಂದು ಅನುಕಂಪದ ಮಾತಾಡಿ ಹೋದರು. ಬಂದವರಿಗೆಲ್ಲ ಬದುಕಿದ್ದಾಳೆ, ಕೆಳಗೆ ಬರೆದದ್ದು ಓದಿ ಎಂದು ಹೇಳಿ ಹೇಳಿ ಕಳಿಸಿದೆ. ಆಮೇಲೆ ಬರುವುದು ನಿಂತಿತು.

ಮೊನ್ನೆ ಅವ್ವ ಫೋನು ಇಟ್ಟು, ಗೊಂಡೆ ಕಟ್ಟುವ ದಾರ ಮತ್ತೆ ಕೈಗೆತ್ತಿಕೊಂಡು, ಗೋಡೆಗೆ ಹೇಳಿದಂತೆ ಹೇಳಿದಳು. ಕಾನಹೊಸಹಳ್ಳಿಯ ಚಹಾದಂಗಡಿಯಲ್ಲಿ ತಂಗಿ ಬಸ್ಸು ಕಾಯುತ್ತ ನಿಂತಿದ್ದಳಂತೆ. ಚಹಾ ಸೋಸುತ್ತಿದ್ದವಳು ಅವಳ ಹುಬ್ಬನ್ನು ನೋಡಿ, "ನೀನ ಅಲ್ಲೇನವ್ವ, ಬಸ್ಸು ತಪ್ಪಿದಾಕಿ?" ಎಂದು ಕೇಳಿದಳಂತೆ. ಚಹಾ ಕೊಟ್ಟು ದುಡ್ಡು ಬೇಡವೆಂದಳಂತೆ.

"ಹೌದೇನು," ಎಂದೆ. ಎದ್ದು ಬಾಗಿಲಿಗೆ ಹೋಗಿ ಬಂದೆ.

ಅದೇ ಮಧ್ಯಾಹ್ನ ಒಬ್ಬರು ಮಗಳ ನಿಶ್ಚಿತಾರ್ಥದ ಬ್ಯಾನರಿಗೆ ಫೋಟೊ ತಂದರು. ಹುಡುಗಿಯ ಗಲ್ಲದ ಮೇಲೆ ಸೀತಾಳ ಸಿಡುಬಿನ ಕಲೆಯಿತ್ತು. ಮೌಸು ಅಲ್ಲಿಗೆ ಹೋಗಿತ್ತು, ಕೈ ತಡೆದೆ.

"ಇದನ್ನ ಅಳಸ್ಲೇನ್ರಿ, ಇರ್ಲೇನ್ರಿ?"

ಅವರು ನನ್ನನ್ನು ಹುಚ್ಚನಂತೆ ನೋಡಿದರು. "ಅಳಸಪ್ಪಾ. ಅದನ್ನೂ ಕೇಳ್ತಾರೇನು?"

"ಹುಡುಗೀಗೆ ಒಂದು ಫೋನ್ ಹಚ್ರಿ," ಎಂದೆ. "ಆಕೀನ ಕೇಳಾಣ."